ಅಚ್ಚುಕಟ್ಟಾದ ಅನುಕರಣೆ

ಸಂಗೀತ ಸ್ಪರ್ಧೆಯ ಫಲಿತಾಂಶ ಓದಿ ಮುಗಿಯಿತು. ಹೇಮಶ್ರೀಯ ಹೆಸರು ಬರಲೇ ಇಲ್ಲ. ದಸರಾಕ್ಕೆ ಸಿಗಬೇಕಿದ್ದ ಅವಳ ಮೊದಲ ಕಛೇರಿ ಕೈತಪ್ಪಿತು. ಅವಳ ಗುರು ಚಂದ್ರಮತಿ ಸೀದಾ ವೇದಿಕೆ ಹತ್ತಿ ತೀರ್ಪುಗಾರ ವಿಜಯ್‌ಕುಮಾರರ ಕೈಯಿಂದ ಅಂಕದ ಹಾಳೆ ಇಸಿದುಕೊಂಡರು. ‘ಅನುಕರಣೆ ಅಚ್ಚುಕಟ್ಟು. ಉಸಿರು ಸಾಲದು’ ಎಂದಿತ್ತು.

“ಅನುಕರಣೆ ಅಂದ್ರೆ ಹೊಗಳಿಕೆ ತಾನೇ ಸಾರ್? ಮತ್ತೆ ಆಯ್ಕೆ ಯಾಕಿಲ್ಲ?” ಚಂದ್ರಮತಿಯವರ ದನಿ ಏರಿತು. ಚಿಕ್ಕಂದಿನಲ್ಲಿ ತಮ್ಮ ಗುರುಗಳು ಇದೇ ಮಾತು ಅಂದ ದಿನ ಅವರು ಜಯಲಕ್ಷ್ಮಿಪುರಂವರೆಗೂ ಕುಣಿದುಕೊಂಡೇ ಮನೆಗೆ ಹೋಗಿದ್ದರು.

“ಮಗು ಕಲಿಯೋದು ಹಾಗೇ ಕಣ್ರೀ. ಹದಿನಾರು ವರ್ಷಕ್ಕೂ ಅಷ್ಟೇ ಆದ್ರೆ? ಸಾಲಿನ ಮಧ್ಯೆ ತುಂಡು ಮಾಡಿ ಉಸಿರು ತಗೋತಾಳೆ. ಆರೋಗ್ಯ ಸರಿಯಿಲ್ವಾ?”

ಆರೋಗ್ಯಕ್ಕೇನು ಧಾಡಿ! ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹರಟುತ್ತಲೇ ಹತ್ತುವ ಹುಡುಗಿ. ಹಾಗೆನ್ನಲು ಬಾಯಿ ತೆರೆದ ಚಂದ್ರಮತಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಿ ಮುಗಿಯುವಷ್ಟರಲ್ಲಿ ಎಲ್ಲ ಹೊಳೆಯಿತು. ಎರಡು ವರ್ಷದ ಹಿಂದೆ ನ್ಯುಮೋನಿಯಾ ಬಂದು ಹೋದಾಗಿನಿಂದ ಒಂದು ಸಾಲನ್ನು ಇಡಿಯಾಗಿ ಹಾಡಲಾಗದೆ ನಡುವೆ ಉಸಿರೆಳೆಯುತ್ತಿದ್ದವರು ಅವರೇ. ಹುಡುಗಿ ಅದನ್ನೂ ಪಾಠವೆಂದುಕೊಂಡು ಕಲಿತಿದ್ದಳು.

ಹೊರಗೆ ಚಪ್ಪಲಿ ಬಿಟ್ಟ ಕಡೆ ಹೇಮಶ್ರೀ ಕಾಯುತ್ತಿದ್ದಳು. “ಎಲ್ಲಿ ತಪ್ಪಿದೆ ಮೇಡಂ? ನೀವು ಹೇಳ್ಕೊಟ್ಟಂಗೇ ಹಾಡಿದ್ನಲ್ಲ.”

“ತಪ್ಪಿಲ್ಲ ಕಣಮ್ಮ. ತಪ್ಪು ನಂದು.”

ಎಂಟು ವರ್ಷದವಳಾಗಿ ಕುಂಬಾರಕೊಪ್ಪಲಿನಿಂದ ಪಾಠಕ್ಕೆ ಬಂದಾಗ ಈ ಹುಡುಗಿ ಪ್ರತಿ ಸಾಲಿಗೂ ತನ್ನದೇ ಒಂದು ಬಳುಕು ಸೇರಿಸುತ್ತಿದ್ದಳು. “ಅಧಿಕಪ್ರಸಂಗ ಬೇಡ, ನಾನು ಹಾಡಿದಷ್ಟು ಹಾಡು” ಎಂದು ತಾಳ ನಿಲ್ಲಿಸಿ ಗದರಿದ್ದು ಒಂದು ದಿನವೇ, ಎರಡು ದಿನವೇ? ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಂಡವಳು ಹುಡುಗಿ. ಕೈಯಾರೆ ಹಾಳು ಮಾಡಿದೆನಲ್ಲ ಎಂದುಕೊಂಡರು ಚಂದ್ರಮತಿ.

“ಹೇಮಾ, ಚಿಕ್ಕವಳಿದ್ದಾಗ ನಿನ್ನ ಪಾಡಿಗೆ ನೀನು ಹಾಡ್ತಿದ್ದೆಯಲ್ಲ, ಹಾಗೆ ಒಂದ್ಸಲ ಹಾಡು. ನಾನೇನೂ ಅನ್ನಲ್ಲ.”

ಹೇಮಶ್ರೀ ಕಣ್ಣು ಮುಚ್ಚಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಆಮೇಲೆ ಚೀಲದಿಂದ ಫೋನ್ ತೆಗೆದು, ರೆಕಾರ್ಡಿಂಗ್ ಒತ್ತಿ, ಮೇಡಂ ಬಾಯಿಯ ಹತ್ತಿರ ಹಿಡಿದಳು.

“ಅದು ಹೆಂಗಿತ್ತು ಅಂತ ಮರ್ತೇ ಹೋಗಿದೆ ಮೇಡಂ. ನೀವೊಂದ್ಸಲ ಹಾಡಿಬುಡಿ, ಹಂಗೇ ಕಲ್ತ್ಕೋತೀನಿ.”