ಕಾಲೆತ್ತಿದರೆ ಜಾರುವ ಬಟ್ಟೆ

ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಬಿಗಿಯಾದ ಲೆಗ್ಗಿಂಗ್ಸ್ ಯಾವುದನ್ನು ಹಾಕಿ ನೋಡಿದರೂ ಮೀನಖಂಡದ ಬಾಸುಂಡೆಗಳು ಉರಿಯುತ್ತಿದ್ದವು. ಕೆಳಗೆ ಅಗಲವಾಗಿ ಹರಡಿದ ಈ ಫ್ಲೇರ್ ಲೆಗ್ಗಿಂಗ್ಸ್ ಮಾತ್ರ, ದೇವರು ಕಣ್ಣು ಬಿಟ್ಟಂತೆ, ಅವಳಿಗೆ ಹಿತವಾಗಿತ್ತು.

"ಅಕ್ಕಾ, ಸರ್ವಾಂಗಾಸನಕ್ಕೆ ಕಾಲೆತ್ತಿದ್ರೆ ಇದು ಮಂಡಿಗೆ ಜಾರುತ್ತೆ," ಎಂದಳು ಅಂಗಡಿಯಾಕೆ.

"ಒಳಗಿಂದ ಪಿನ್ನು ಹಾಕಿದ್ರೆ ನಿಲ್ಲುತ್ತಾ?"

"ಚುಚ್ಚುತ್ತಲ್ಲ ಅಕ್ಕಾ. ಒಂದು ವಾರ ಯೋಗಕ್ಕೆ ಹೋಗಬೇಡಿ."

"ಹೋಗ್ಲೇಬೇಕು ಕಣಮ್ಮ. ಎಲ್ಲರ ಮುಂದೆ ಆಸನ ಮಾಡಿ ತೋರಿಸೋಳು ನಾನೇ. ಗಾಯ ಯಾರಿಗಾದ್ರೂ ಕಂಡ್ರೆ ನನ್ನ ಕಥೆ ಮುಗೀತು."

ಅಂಗಡಿಯಾಕೆ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದಳು.

"ನಿಮ್ಮ ಯೋಗದ ಗುರುಗಳಿಗಾದ್ರೂ ಹೇಳಿ. ತುಂಬ ಶಾಂತ ಸ್ವಭಾವದವರಂತೆ. ನಿಮ್ಮ ಯಜಮಾನ್ರನ್ನ ಕರೆಸಿ ನಾಲ್ಕು ಬುದ್ಧಿಮಾತು ಹೇಳ್ತಾರೆ."

ಅವಳು ಬಗ್ಗಿ ಲೆಗ್ಗಿಂಗ್ಸಿನ ಅಂಚನ್ನು ಪಾದದವರೆಗೂ ಎಳೆದುಕೊಂಡಳು.

"ಅವರೇ ನಮ್ಮ ಯಜಮಾನ್ರು."