ಎಡಗೈ ಸೆಲ್ಯೂಟ್

“ಕೈಗೇನೋ ರೋಗ ನಿಂಗೆ? ಸೆಲ್ಯೂಟ್ ಎಲ್ಲಿ?”

ಮೂಳೆ ಡಾಕ್ಟರು ಹೊಸ ಕಾರನ್ನು ಗೇಟಿನಲ್ಲೇ ನಿಲ್ಲಿಸಿ, ಗಾಜು ಇಳಿಸಿ ಗದರಿದರು. ಆಸ್ಪತ್ರೆ ಅವರದೇ, ಗೇಟೂ ಅವರದೇ. ಕಾರಿನ ಹಿಂದೆ ಕಾಲು ಮುರಿದವರು, ಸೊಂಟ ಹಿಡಿದವರು ಸಾಲುಗಟ್ಟಿ ಕಾಯಬೇಕಾಯಿತು.

ಬೈಗುಳವೇ ಆದರೂ ವಾಚ್‌ಮನ್ ಗೇಟಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ವಾರದಿಂದ ಅವನ ಬಲಭುಜ ಬಿಗಿದುಕೊಂಡು, ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎಡಗೈಗೆ ಬೇರೆ ಕೆಲಸವಿತ್ತು. ಹಿಡಿದು ನಿಲ್ಲದಿದ್ದರೆ ಆ ಗೇಟು ತಾನಾಗಿಯೇ ಮುಚ್ಚಿಕೊಳ್ಳುತ್ತದೆ; ರಿಪೇರಿಗಿಂತ ಗೇಟಪ್ಪನ ಕೈ ಅಗ್ಗ. ಒಳಗೆ ಹೋಗಿ ತೋರಿಸಿಕೊಳ್ಳೋಣವೆಂದರೆ ಕೌಂಟರಿನ ಹುಡುಗಿ, “ಡಾಕ್ಟರಿಗೆ ಪುರುಸೊತ್ತಿಲ್ಲಪ್ಪ” ಎಂದು ಅಟ್ಟುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲೆ. ಈಗ ಸಾಕ್ಷಾತ್ ಡಾಕ್ಟರೇ ಕೇಳುತ್ತಿದ್ದಾರೆ!

“ಹೌದು ಸಾರ್, ರೋಗಾನೇ. ಈ ಭುಜ...”

“ಸೆಲ್ಯೂಟ್ ಅಂದ್ರೆ ಏನು ಗೊತ್ತೇನೋ?” ನಿನ್ನೆ ಕ್ಲಬ್ಬಿನ ಭಾಷಣದಲ್ಲಿ ಕೇಳಿದ್ದನ್ನು ಡಾಕ್ಟರು ಯಾರ ತಲೆಗಾದರೂ ಕಟ್ಟಬೇಕಿತ್ತು. “ಲ್ಯಾಟಿನ್ನಿಂದ ಬಂದ ಮಾತು. ಮೂಲದಲ್ಲಿ ಆರೋಗ್ಯ ಅಂತ ಅರ್ಥ. ನೀವು ಚೆನ್ನಾಗಿರಿ ಅಂತ ಹಾರೈಸೋದು. ಬರೀ ಕೈ ಎತ್ತೋದಲ್ಲ, ಒಬ್ರ ಆರೋಗ್ಯದ ಮೇಲೆ ಇನ್ನೊಬ್ರಿಗಿರೋ ಕಾಳಜಿ!”

ಗೇಟಪ್ಪನ ಕಣ್ಣು ತುಂಬಿ ಬಂತು. “ಎಂಥಾ ಒಳ್ಳೆ ಮಾತು ಸಾರ್! ಹಂಗಾದ್ರೆ ಈ ಭುಜ ಒಂದ್ಸಲ ಮುಟ್ಟಿ ನೋಡ್ತೀರಾ? ಕೈ ಮೇಲಕ್ಕೇ ಏಳ್ತಿಲ್ಲ.”

ಡಾಕ್ಟರು ಭುಜದ ಕಡೆ ನೋಡಲಿಲ್ಲ, ಗಡಿಯಾರ ನೋಡಿದರು. “ಎಡಗೈ ಗಟ್ಟಿಯಾಗಿದೆಯಲ್ಲ? ಅದ್ರಲ್ಲೇ ಹೊಡಿ. ಇಲ್ದಿದ್ರೆ ನಾಳೆಯಿಂದ ಬೇರೆ ವಾಚ್‌ಮನ್ ನೋಡ್ಕೋತೀನಿ.”

“ಸಾರ್, ಎಡಗೈಲಿ ಗೇಟು...”

“ಹೊಡಿ ಅಂದೆ!”

ಹೊಟ್ಟೆಪಾಡು, ಯಜಮಾನರ ಮಾತು ಮೀರುವಂತಿಲ್ಲ. ಗೇಟಪ್ಪ ಎದೆ ಸೆಟೆಸಿ, ಗೇಟು ಬಿಟ್ಟು, ಎಡಗೈಯನ್ನು ಹಣೆಗೆ ಏರಿಸಿದ. ಕಬ್ಬಿಣದ ಗೇಟು ಬೀಸಿಕೊಂಡು ಬಂದು ಹೊಸ ಕಾರಿನ ಮಗ್ಗುಲಿಗೆ ಬಡಿಯಿತು.

ಡಾಕ್ಟರು ಹೌಹಾರಿ ಕೆಳಗಿಳಿದರು. ಸೆಲ್ಯೂಟ್ ಇನ್ನೂ ಇಳಿಸದ ಗೇಟಪ್ಪನ ಎದುರೇ, ಜಜ್ಜಿಹೋದ ತಗಡಿನ ಮುಂದೆ ಮಂಡಿಯೂರಿ, ಎಲ್ಲೆಲ್ಲಿ ಪೆಟ್ಟಾಗಿದೆಯೆಂದು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡತೊಡಗಿದರು.