ಗಡಿಕಲ್ಲಿನ ದುಭಾಷಿ

ಈ ಊರಿನ ಹಿರಿಯ ಹಣಮಂತರಾಯ ಗಡಿಕಲ್ಲಿನ ಈಚೆ ಕಂಬಳಿ ಹಾಸಿ ಕೂತ, ಆ ಊರಿನ ಹಿರಿಯ ಬುಚ್ಚಿರೆಡ್ಡಿ ಆಚೆ ಕೂತ. ನಡುವೆ, ಬಳೆಯ ಗಂಟನ್ನು ಕಲ್ಲಿಗೊರಗಿಸಿ ರಶೀದಾಬೇಗಂ ನಿಂತಳು. ಇವನ ಕನ್ನಡವನ್ನು ಅವನಿಗೆ, ಅವನ ತೆಲುಗನ್ನು ಇವನಿಗೆ ತಿಳಿಸುವುದು ಅವಳ ಕೆಲಸ. ಎರಡೂರಿನ ಹೆಂಗಸರಿಗೂ ಬಳೆ ತೊಡಿಸುವವಳೆಂದು ಇಬ್ಬರೂ ಅವಳನ್ನು ಒಪ್ಪಿದ್ದರು.

ನಗಬೇಕೋ ಅಳಬೇಕೋ ಅನ್ನುವಂಥ ಕೆಲಸ. ಕುಂಚಾವರಂ ಕಾಡಂಚಿನ ಆ ಊರುಗಳಲ್ಲಿ ತೊಟ್ಟಿಲ ಕೂಸಿಗೂ ಎರಡೂ ಭಾಷೆ ತಿಳಿಯುತ್ತಿತ್ತು. ಆದರೆ ಹೋದ ವರ್ಷ ಹೈದರಾಬಾದ್ ರಾಜ್ಯ ಒಡೆದು ಈ ಊರು ಮೈಸೂರಿಗೂ ಆ ಊರು ಆಂಧ್ರಕ್ಕೂ ಸೇರಿದ್ದೇ ತಡ, ಹಿರಿಯರಿಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಮರೆತುಹೋಗಿತ್ತು.

ಜಗಳ ಶುರುವಾದದ್ದು ಹುಣಸೆಹಣ್ಣಿನಿಂದ. ಆಚೆಯಿಂದ ಬರುವ ಹುಣಸೆಹಣ್ಣಿನ ಗಾಡಿಗಳಿಗೆ ಹಣಮಂತರಾಯ ಸುಂಕ ಹೇರಿದ. ಬುಚ್ಚಿರೆಡ್ಡಿ ಈಚೆಯ ವ್ಯಾಪಾರಿಗಳನ್ನು ತನ್ನ ಸಂತೆಗೆ ಕಾಲಿಡಗೊಡಲಿಲ್ಲ. ಕೋಣಗಳು ಕಾದಾಡಿದರೆ ಗಿಡಕ್ಕೆ ಸಾವು ಅನ್ನುತ್ತಾರಲ್ಲ, ಆ ಗಿಡ ರಶೀದಾಬೇಗಂ. ಅವಳ ಗಿರಾಕಿಗಳು ಹೆಚ್ಚಿನವರು ಆಚೆಯವರೇ. ಏಳು ವಾರದಿಂದ ಗಂಟು ಬಿಚ್ಚಿಲ್ಲ, ಮನೆಯಲ್ಲಿ ಒಲೆ ಉರಿಯುವುದು ದಿನಕ್ಕೊಮ್ಮೆ. ಇವತ್ತು ರಾಜಿಯಾಗದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಶಹಾಬಾದಿನ ಕಲ್ಲುಗಣಿಗೆ ಹೋಗುವುದೇ ದಾರಿ.

ಹೊತ್ತು ನೆತ್ತಿಗೇರಿತು. ಅವನು ಸೊಕ್ಕು ಅಂದದ್ದನ್ನು ಅವಳು ಕಷ್ಟ ಅಂದಳು. ಇವನು ಹಾಳಾಗಿ ಹೋಗಲಿ ಅಂದದ್ದನ್ನು ಯೋಚನೆ ಮಾಡಲಿ ಅಂದಳು. ಒಂದೊಂದು ಸುಳ್ಳೂ ಇಬ್ಬರಿಗೂ ಗೊತ್ತಾಗುತ್ತಿತ್ತು, ಆದರೂ ಇಬ್ಬರೂ ಅದನ್ನು ಎತ್ತಿ ಆಡಲಿಲ್ಲ. ಯಾವ ಸುಳ್ಳಿಗೆ ಯಾರು ಸಿಡಿಯುತ್ತಾರೋ ಎಂದು ಅವಳ ಜೀವ ಹಾರುತ್ತಿತ್ತು.

ಕೊನೆಗೆ ಹಣಮಂತರಾಯ ಎದ್ದು ಕಂಬಳಿ ಕೊಡವಿದ.

"ಈ ಕಳ್ಳನ ಮಗನ ಕೂಡ ಏನ್ ಮಾತಾಡಾದದ? ನಾ ಹೊಂಟೆ ಅಂತ ಹೇಳು."

ಬುಚ್ಚಿರೆಡ್ಡಿಯ ಮುಖ ಕೆಂಡವಾಯಿತು, ಕೈ ಬಡಿಗೆಗೆ ಹೋಯಿತು. ಏನಂದ ಎಂದು ತೆಲುಗಿನಲ್ಲಿ ಅವಳನ್ನೇ ಕೇಳಿದ.

ರಶೀದಾಬೇಗಂ ನೆತ್ತಿಯ ಮೇಲಿನ ಹೊತ್ತನ್ನು ನೋಡಿದಳು. ಈ ಮಾತಿಗೆ ಯಾವ ಬಣ್ಣ ಬಳಿಯುವುದು? ಊಟದ ಹೊತ್ತಾಯಿತು, ರೆಡ್ಡಿಯವರು ಉಂಡರೋ ಇಲ್ಲವೋ ಎಂದು ಕೇಳುತ್ತಿದ್ದಾರೆ ಅಂದುಬಿಟ್ಟಳು.

ಹಣಮಂತರಾಯ ಎತ್ತಿದ ಹೆಜ್ಜೆ ಅಲ್ಲೇ ನಿಂತಿತು. ಬುಚ್ಚಿರೆಡ್ಡಿ ಅವಳನ್ನು ನೋಡಿದ, ಬಿಚ್ಚದ ಗಂಟನ್ನು ನೋಡಿದ. ಬಡಿಗೆಯನ್ನು ನೆಲಕ್ಕಿಟ್ಟ.

"ಇನ್ನಾ ಉಂಡಿಲ್ಲ ಅಂತ ಹೇಳವ್ವ ಅವರಿಗೆ" ಅಂದ, ಕನ್ನಡದಲ್ಲಿ.